ದ್ವೀಪಗಳ ದನಿ, ಲಂಡನ್ನಿನ ಬಾನುಲಿ

ಸೊಲ್ಲಾಪುರ, ಅಕ್ಕಲಕೋಟೆಗಳ ಸೀಮೆಯಲ್ಲಿ ನೆಲೆಸಿ ಧಾರವಾಡ, ಕಲಬುರಗಿ ಆಕಾಶವಾಣಿಗಳ ಕನ್ನಡಕ್ಕೆ ಕಿವಿಗೊಟ್ಟು ಬೆಳೆದ ನಮಗೆ, ದೂರದ ನಿಲಯವು ಮನೆಮಾತನ್ನು ಮನೆಬಾಗಿಲಿಗೆ ತರುವುದು ಹೊಸ ಸಂಗತಿಯಲ್ಲ. ಕೆರಿಬಿಯನ್ ಸಮುದ್ರದ ದ್ವೀಪಗಳಲ್ಲಿ ನಡೆದುದು ಇದಕ್ಕಿಂತ ವಿಚಿತ್ರವಾದುದು. ಜಮೈಕ, ಟ್ರಿನಿಡಾಡ್, ಬಾರ್ಬಡೋಸ್‌ಗಳೆಲ್ಲ ಬ್ರಿಟಿಷರ ಆಳ್ವಿಕೆಗೇ ಒಳಪಟ್ಟಿದ್ದರೂ ಒಂದು ದ್ವೀಪದ ಲೇಖಕನಿಗೆ ಇನ್ನೊಂದರ ಲೇಖಕನ ಪರಿಚಯ ಅಪರೂಪವಾಗಿತ್ತು. ಅವರು ಪರಸ್ಪರರ ದನಿಯನ್ನು ಆಲಿಸಿದ್ದು ಸಾವಿರಾರು ಮೈಲಿಗಳಾಚೆಯ ಲಂಡನ್ನಿನಿಂದ.

ಎರಡನೆಯ ಮಹಾಯುದ್ಧದ ಕಾಲದಲ್ಲಿ, ಬ್ರಿಟನ್ನಿನಲ್ಲಿದ್ದ ವೆಸ್ಟ್ ಇಂಡೀಸ್ ಸೈನಿಕರು ತಮ್ಮ ಮನೆಯವರಿಗೆ ಕ್ಷೇಮಸಮಾಚಾರ ತಿಳಿಸಲೆಂದು ಬಿಬಿಸಿ ಒಂದು ಕಾರ್ಯಕ್ರಮ ನಡೆಸುತ್ತಿತ್ತು. ಅದರಲ್ಲಿ ದುಡಿಯುತ್ತಿದ್ದ ಜಮೈಕದ ಕವಯಿತ್ರಿ ಊನಾ ಮಾರ್ಸನ್ ಅವರು 1943ರಲ್ಲಿ ಕಥೆ, ಕವಿತೆಗಳಿಗೂ ಅಲ್ಲಿ ಎಡೆ ಮಾಡಿದರು. ‘ಕೆರಿಬಿಯನ್ ವಾಯ್ಸಸ್’ ಹುಟ್ಟಿದುದು ಹೀಗೆ. 1946ರಲ್ಲಿ ಐರಿಷ್ ಮೂಲದ ಹೆನ್ರಿ ಸ್ವಾಂಜಿ ಅದರ ನಿರ್ಮಾಪಕರಾದರು. ಹಸ್ತಪ್ರತಿಗಳು ಮೊದಲು ಜಮೈಕದಲ್ಲಿದ್ದ ಗ್ಲಾಡಿಸ್ ಲಿಂಡೊ ಅವರ ಕೈಸೇರುತ್ತಿದ್ದವು. ಆಯ್ದವು ಲಂಡನ್ನಿಗೆ ಹೋಗಿ, ಅಲೆಗಳ ಮೇಲೆ ದ್ವೀಪಗಳಿಗೇ ಮರಳುತ್ತಿದ್ದವು. ಸಂಭಾವನೆಯೂ ದೊರೆಯುತ್ತಿತ್ತು. ಬರಹಕ್ಕೆ ಹಣ ಬರುತ್ತದೆಂಬುದೇ ಅಲ್ಲಿನ ಬಹುಪಾಲು ತರುಣರಿಗೆ ಹೊಸ ಮಾತು. ಸ್ವಾಂಜಿಯವರಿಗೆ ಇಂಗ್ಲಿಷ್ ಕವಿಗಳ ಅನುಕರಣೆ ಬೇಕಿರಲಿಲ್ಲ; ದ್ವೀಪದ ಬದುಕು, ದ್ವೀಪದ ಆಡುನುಡಿ ಬೇಕಿದ್ದವು.

ಇದೇನೂ ಸಣ್ಣ ವಿಷಯವಲ್ಲ. ಬಾರ್ಬಡೋಸಿನ ಕವಿ ಕಮಾವು ಬ್ರಾತ್‌ವೇಟ್ ಹೇಳುವಂತೆ, ವಸಾಹತು ಶಾಲೆಯಲ್ಲಿ ಕಲಿತವರು ಕಾಣದ ಹಿಮಪಾತವನ್ನು ವರ್ಣಿಸಬಲ್ಲವರಾಗಿದ್ದರು. ತಮ್ಮ ಮನೆಯ ಮಾಡನ್ನೇ ಹಾರಿಸುವ ಚಂಡಮಾರುತಕ್ಕೆ ಅವರಲ್ಲಿ ನುಡಿಯಿರಲಿಲ್ಲ. ಅವರೇ ನೆನೆಯುವ ಇನ್ನೊಂದು ಸಂಗತಿ ಸ್ವಾರಸ್ಯಕರವಾಗಿದೆ. ಕ್ರಿಕೆಟ್ ವೀಕ್ಷಕ ವಿವರಣೆಕಾರ ಜಾನ್ ಆರ್ಲಟ್ ಅವರು ಹ್ಯಾಂಪ್‌ಷೈರಿನ ಹಳ್ಳಿಯ ರಾಗದಲ್ಲೇ ಬಿಬಿಸಿಯಲ್ಲಿ ಮಾತನಾಡುತ್ತಿದ್ದರು. ಇಂಗ್ಲೆಂಡಿನ ಪ್ರಾಂತೀಯ ನುಡಿಯೊಂದು ಆ ಧ್ವನಿವರ್ಧಕದ ಮುಂದೆ ನಾಚದೆ ನಿಲ್ಲಬಹುದಾದರೆ ನಮ್ಮದೇಕಾಗದು ಎಂಬ ಧೈರ್ಯ ದ್ವೀಪಗಳ ಕೇಳುಗರಿಗೆ ಬಂದಿತು. ಮರಾಠಿ ಬೆರೆತ ತಮ್ಮ ಕನ್ನಡ ‘ಅಶುದ್ಧ’ವೆಂಬ ಮಾತನ್ನು ಕೇಳಿಸಿಕೊಂಡಿರುವ ನಮ್ಮವರಿಗೆ ಆ ಧೈರ್ಯದ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಟ್ರಿನಿಡಾಡಿನ ಪತ್ರಕರ್ತ ಸೀಪರಸಾದ್ ನೈಪಾಲ್ ಅವರ ಕಥೆಗಳು ಈ ಬಾನುಲಿಯಲ್ಲಿ ಪ್ರಸಾರವಾದವು. ಅವರ ಮಗ ವಿ. ಎಸ್. ನೈಪಾಲ್ 1954ರಲ್ಲಿ ಅದೇ ಕಾರ್ಯಕ್ರಮದ ಸಂಪಾದಕರಾದರು. ಧ್ವನಿವರ್ಧಕದ ಮುಂದೆ ಸರಸರ ಸದ್ದಾಗದಿರಲೆಂದು ಬಿಬಿಸಿ ಬಳಸುತ್ತಿದ್ದ ನುಣುಪು ಕಾಗದದ ಮೇಲೆ, ಬಿಬಿಸಿಯದೇ ಹಳೆಯ ಬೆರಳಚ್ಚು ಯಂತ್ರದಲ್ಲಿ, ‘ಮಿಗೆಲ್ ಸ್ಟ್ರೀಟ್’ನ ಮೊದಲ ಕಥೆಯನ್ನು ಅವರು ಬರೆದರು. ತಾನು ಬಿಟ್ಟು ಬಂದ ಬೀದಿ ಅವರಿಗೆ ದಕ್ಕಿದುದು ಲಂಡನ್ನಿನ ಒಂದು ಕೋಣೆಯಲ್ಲಿ.

ಈ ಏರ್ಪಾಡಿನಲ್ಲಿ ಒಂದು ಕಹಿಯೂ ಇತ್ತು. ಕಾರ್ಯಕ್ರಮದಲ್ಲಿ ತಾವೇ ಪಾಲ್ಗೊಂಡಿದ್ದ ಜಾರ್ಜ್ ಲ್ಯಾಮಿಂಗ್ ಇದನ್ನು ಸಕ್ಕರೆಗೆ ಹೋಲಿಸಿದರು: ದ್ವೀಪದಲ್ಲಿ ಬೆಳೆದು, ಹೊರದೇಶದಲ್ಲಿ ಶುದ್ಧಿಗೊಂಡು, ಮತ್ತೆ ದ್ವೀಪಕ್ಕೇ ಬರುವ ಸರಕು. ಹೋಲಿಕೆ ಸರಿಯಾದುದೇ. ಆದರೂ ಆ ನಿಲಯವಿಲ್ಲದಿದ್ದರೆ ಬಾರ್ಬಡೋಸಿನ ಹುಡುಗನೊಬ್ಬ ಸೇಂಟ್ ಲೂಸಿಯದ ಡೆರೆಕ್ ವಾಲ್ಕಾಟರ ಕವಿತೆಯನ್ನು ಅಷ್ಟು ಬೇಗ ಕೇಳುತ್ತಿದ್ದನೆಂದು ನಮಗೆ ತೋರುವುದಿಲ್ಲ. ಲ್ಯಾಮಿಂಗ್ ಮತ್ತು ಸ್ಯಾಮ್ ಸೆಲ್ವನ್ 1950ರಲ್ಲಿ ಒಂದೇ ಹಡಗಿನಲ್ಲಿ ಇಂಗ್ಲೆಂಡಿಗೆ ಹೋದರು. ದನಿಯ ಹಿಂದೆ ದನಿಯ ಒಡೆಯರೂ ವಲಸೆ ಹೊರಟಿದ್ದರು.

ಕಾರ್ಯಕ್ರಮ 1958ರಲ್ಲಿ ನಿಂತಿತು. ಅದೇ ವರ್ಷ ಹತ್ತು ವಸಾಹತುಗಳು ಸೇರಿ ವೆಸ್ಟ್ ಇಂಡೀಸ್ ಒಕ್ಕೂಟವನ್ನು ಕಟ್ಟಿಕೊಂಡವು. ನಾಲ್ಕೇ ವರ್ಷಗಳಲ್ಲಿ ಅದು ಒಡೆದುಹೋಯಿತು.