ಒಂಟೇರಿಯೊದ ಕಥೋಲಿಕ ಶಾಲೆಗಳೂ ಗಡಿನಾಡಿನ ನಾವೂ

ಗಡಿನಾಡಿನ ಕನ್ನಡಿಗರಾದ ನಾವು ಶಾಲೆಯ ಮಾತು ಬಂದೊಡನೆ ಕಿವಿ ನಿಮಿರಿಸುವವರು. ಮನೆಯಲ್ಲಿ ಕೊಂಕಣಿಯಾಡುವ ಕ್ರೈಸ್ತ ಮಕ್ಕಳೂ ತುಳುವಾಡುವ ನೆರೆಮನೆಯ ಮಕ್ಕಳೂ ಇಗರ್ಜಿಯ ಮಗ್ಗುಲಿನ ಅನುದಾನಿತ ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತು ಕನ್ನಡ ಕಲಿತುದನ್ನು ಕಾಸರಗೋಡು ಸೀಮೆಯಲ್ಲಿ ಕಂಡವರು. ಅಲ್ಲಿ ಆಡಳಿತ ಇಗರ್ಜಿಯದು, ಅಧ್ಯಾಪಕರ ಸಂಬಳ ಸರಕಾರದ್ದು. ಇಂಥ ಏರ್ಪಾಡು ಏನನ್ನು ಕಾಪಾಡಬಲ್ಲುದು, ಏನನ್ನು ಕಾಪಾಡಲಾರದು ಎಂಬುದನ್ನರಿಯಲು ಕೆನಡಾ ದೇಶದ ಒಂಟೇರಿಯೊ ಪ್ರಾಂತದ ಇತಿಹಾಸವನ್ನು ನೋಡಬೇಕು.

ಆಂಗ್ಲರ ಪ್ರಾಟೆಸ್ಟಂಟ್ ಪಂಥವೇ ಪ್ರಬಲವಾಗಿದ್ದ ಆ ಪ್ರಾಂತದಲ್ಲಿ ಕಥೋಲಿಕರು ಅಲ್ಪಸಂಖ್ಯಾತರು. ಬಹುಮಂದಿ ಐರ್ಲೆಂಡಿನಿಂದ ಬಂದ ಬಡವರು. ಅಲ್ಪಸಂಖ್ಯಾತ ಮತದವರು ಬೇರೆ ಶಾಲೆ ತೆರೆಯಬಹುದೆಂದು 1841ರ ಶಾಸನವೇ ಒಪ್ಪಿಕೊಂಡಿತ್ತು. 1863ರಲ್ಲಿ ರಿಚರ್ಡ್ ವಿಲಿಯಂ ಸ್ಕಾಟ್ ಎಂಬ ಶಾಸಕರು ತಂದ ಕಾನೂನು ಆ ಹಕ್ಕನ್ನು ಭದ್ರಗೊಳಿಸಿತು. ಕಥೋಲಿಕರು ತಮ್ಮ ತೆರಿಗೆಯನ್ನು ತಮ್ಮ ಶಾಲೆಗೆ ಸಲ್ಲಿಸಿ, ಅದರ ಆಡಳಿತಗಾರರನ್ನು ತಾವೇ ಚುನಾಯಿಸಿ, ಸರಕಾರದ ಅನುದಾನದಲ್ಲಿಯೂ ಪಾಲು ಪಡೆಯುವಂತಾಯಿತು. 1867ರಲ್ಲಿ ಕೆನಡಾ ಒಕ್ಕೂಟವಾದಾಗ ಸಂವಿಧಾನದ 93ನೆಯ ವಿಧಿ ಇದಕ್ಕೆ ಮುದ್ರೆಯೊತ್ತಿತು. ಕಥೋಲಿಕರೇ ಬಹುಸಂಖ್ಯಾತರಾದ ಕ್ವಿಬೆಕ್ ಪ್ರಾಂತದಲ್ಲಿ ಪ್ರಾಟೆಸ್ಟಂಟರಿಗೂ ಅಂತಹುದೇ ರಕ್ಷಣೆ ದೊರೆಯಿತು. ಪರಸ್ಪರ ಭಯದಿಂದ ಹುಟ್ಟಿದ ನ್ಯಾಯವಿದು, ಆದರೂ ನ್ಯಾಯವೇ. ಬಡವರ ಮಗುವಿಗೆ ಶುಲ್ಕವಿಲ್ಲದೆ ತನ್ನವರ ಶಾಲೆ ದೊರೆಯಿತು.

ಆ ಶಾಲೆಗಳಲ್ಲಿ ಅನೇಕ ಕಡೆ ಪಾಠ ನಡೆಯುತ್ತಿದ್ದುದು ಫ್ರೆಂಚ್ ಭಾಷೆಯಲ್ಲಿ. 1912ರಲ್ಲಿ ಪ್ರಾಂತ ಸರಕಾರ 17ನೆಯ ನಿಬಂಧನೆಯನ್ನು ಹೊರಡಿಸಿ, ಮೊದಲ ಎರಡು ವರ್ಷಗಳಾಚೆಗೆ ಫ್ರೆಂಚ್ ಮಾಧ್ಯಮವನ್ನು ನಿಲ್ಲಿಸಲೆಳಸಿತು. ಲಂಡನ್ ಎಂಬ ಹೆಸರಿನ ಅಲ್ಲಿಯ ನಗರದ ಬಿಷಪ್ ಮೈಕೆಲ್ ಫ್ಯಾಲನ್ ಐರಿಷ್ ಮೂಲದವರು, ಕಥೋಲಿಕರೇ. ಅವರು ದ್ವಿಭಾಷಾ ಶಾಲೆಗಳ ವಿರೋಧಿಗಳ ಮುಂಚೂಣಿಯಲ್ಲಿದ್ದರು. ಒಂದೇ ಮತದವರೆಂದರೆ ಒಂದೇ ಮನಸ್ಸಿನವರಲ್ಲವಷ್ಟೆ.

ಅಟವಾ ನಗರದ ಗೀಗ್ ಶಾಲೆಯಲ್ಲಿ ಬೆಯಾಟ್ರಿಸ್ ಮತ್ತು ದಿಯಾನ್ ದೆಲೋಜ್ ಎಂಬ ಅಕ್ಕತಂಗಿಯರು ಅಧ್ಯಾಪಿಕೆಯರು. ನಿಬಂಧನೆಗೆ ಮಣಿಯದೆ ಶಾಲೆಯಿಂದ ಹೊರಗಾದ ಅವರು ಬೇರೆಡೆ ಪಾಠ ಮುಂದುವರಿಸಿದರು. 1916ರ ಜನವರಿಯ ಕೊರೆಯುವ ಚಳಿಯಲ್ಲಿ ಮಕ್ಕಳ ತಾಯಂದಿರು ಅವರನ್ನು ಮರಳಿ ಶಾಲೆಯೊಳಕ್ಕೆ ಕರೆತಂದು ಬಾಗಿಲು ಕಾದರು. ಅಂದಿನ ಸ್ತ್ರೀಯರು ಟೋಪಿಯನ್ನು ಕೂದಲಿಗೆ ಸಿಕ್ಕಿಸುತ್ತಿದ್ದ ಉದ್ದನೆಯ ಸೂಜಿಗಳೇ ಅವರ ಆಯುಧ! ಪೊಲೀಸರು ಆ ಸೂಜಿಗಳ ಎದುರು ಹಿಂಜರಿದರು.

ನ್ಯಾಯಾಲಯ ಹಿಂಜರಿಯಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಪ್ರಿವಿ ಕೌನ್ಸಿಲ್ ತೀರ್ಪಿತ್ತಿತು: 93ನೆಯ ವಿಧಿ ಕಾಪಾಡುವುದು ಮತದವರನ್ನು, ಭಾಷೆಯವರನ್ನಲ್ಲ. ಶಾಲೆ ಉಳಿಯಿತು, ಮಾತಿಗೆ ಆಸರೆ ತಪ್ಪಿತು. ಆದರೂ ಶಾಲೆ ಉಳಿದುದರಿಂದಲೇ ಹೋರಾಟಕ್ಕೊಂದು ನೆಲೆಯಿತ್ತು ಎಂಬುದು ನಮ್ಮ ಅಭಿಪ್ರಾಯ. 1927ರಲ್ಲಿ ನಿಬಂಧನೆ ಸಡಿಲಗೊಂಡಿತು. ಭಾಷೆಗೆ ಸಂವಿಧಾನದ ರಕ್ಷಣೆ ದೊರೆತುದು 1982ರ ಹಕ್ಕುಗಳ ಸನ್ನದಿನ 23ನೆಯ ವಿಧಿಯಿಂದ. ಕಥೋಲಿಕ ಪ್ರೌಢಶಾಲೆಗಳಿಗೆ ಪೂರ್ಣ ಅನುದಾನವನ್ನು 1984ರಲ್ಲಿ ಪ್ರಧಾನಿ ವಿಲಿಯಂ ಡೇವಿಸ್ ಘೋಷಿಸಿದರು. ಇವರು ಪ್ರಾಂತದ ಪ್ರಧಾನಿ, ನಮ್ಮ ಮುಖ್ಯಮಂತ್ರಿಯಿದ್ದಂತೆ. ಇಂದು ಒಂಟೇರಿಯೊದಲ್ಲಿ ಫ್ರೆಂಚ್ ಕಥೋಲಿಕ ಶಾಲಾ ಮಂಡಳಿಗಳೇ 8 ಇವೆ. ಉಳಿದ ಮತದವರಿಗೆ ಈ ಅನುದಾನವಿಲ್ಲದಿರುವುದು ತಾರತಮ್ಯವೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 1999ರಲ್ಲಿ ಹೇಳಿತು. ಆ ಆಕ್ಷೇಪ ಹುರುಳಿಲ್ಲದ್ದೆನ್ನಲಾಗದು.

ನಮ್ಮ ಸಂವಿಧಾನದ 30ನೆಯ ವಿಧಿಯಲ್ಲಿ ಮತ, ಭಾಷೆ ಎರಡೂ ಜೊತೆಗೂಡಿವೆ. ಅನುದಾನದಲ್ಲಿ ಭೇದವೆಣಿಸಬಾರದೆಂಬ ಮಾತೂ ಇದೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರಲ್ಲಿಯೇ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣವನ್ನು ಕುರಿತ 350ಎ ವಿಧಿಯೂ ಬಂದಿತು. ಪ್ರಿವಿ ಕೌನ್ಸಿಲಿನ ಆ ತೀರ್ಪು ಇಲ್ಲಿ ನಡೆಯಲಾರದು. ಹಾಗಿದ್ದೂ ನಮ್ಮ ಸೀಮೆಯ ಕನ್ನಡ ತರಗತಿಗಳಿಗೆ ಕನ್ನಡವರಿಯದ ಅಧ್ಯಾಪಕರು ನೇಮಕವಾಗಿ ಬಂದಾಗ, ತಂದೆತಾಯಿಗಳು ಶಾಲೆಯ ಮುಂದೆ ನಿಂತು ಕೇಳಬೇಕಾಗಿ ಬಂದುದುಂಟು. ಅವರ ಕೈಯಲ್ಲಿ ಸೂಜಿಯಿರಲಿಲ್ಲ, ಅರ್ಜಿಯಿತ್ತು.