ಮಹಾಕೂಟದ ಕಾಲುದಾರಿ

ಬಾದಾಮಿಯಿಂದ ಮಹಾಕೂಟಕ್ಕೆ ಹೋಗುವ ಮೋಟಾರು ರಸ್ತೆ ಗುಡ್ಡವನ್ನು ಬಳಸಿಕೊಂಡು ಸಾಗುತ್ತದೆ. ಗುಡ್ಡವನ್ನೇ ಹತ್ತಿಳಿಯುವ ಹಳೆಯ ಕಾಲುದಾರಿ ಅದಕ್ಕಿಂತ ಬಹಳ ಹತ್ತಿರದ್ದು. ಬೆಳಗಿನ ಹೊತ್ತು ಅಲ್ಲಿ ಓಡುವ ರೂಢಿಯಿರುವ ನನ್ನ ವಿದ್ಯಾರ್ಥಿಯೊಬ್ಬನ ಬೆನ್ನುಹತ್ತಿ ನಾನೂ ಒಮ್ಮೆ ಹೊರಟೆ. ಅವನು ಓಡಿದ, ನಾನು ಏದುಸಿರು ಬಿಡುತ್ತ ನಡೆದೆ.

ಒಂದನೆಯ ಪುಲಕೇಶಿ ಬಾದಾಮಿಯ ಬೆಟ್ಟವನ್ನು ಕೋಟೆಯಾಗಿಸಿದನೆಂದು ಕ್ರಿ. ಶ. 543ರ ಬಂಡೆಶಾಸನ ಸಾರುತ್ತದೆ. ಅವನ ಮಗ ಮಂಗಲೇಶ ಮಹಾಕೂಟದಲ್ಲಿ ನಿಲ್ಲಿಸಿದ 602ರ ಕಂಬದಲ್ಲಿ ಮಕುಟೇಶ್ವರನಾಥನಿಗೆ ಹತ್ತು ಊರುಗಳನ್ನು ಬಿಟ್ಟ ಸಂಗತಿಯಿದೆ. ಪುಲಕೇಶಿಯ ರಾಣಿ ದುರ್ಲಭದೇವಿಯ ಹೆಸರೂ ಇದೆ. ಈ ತುದಿಯಲ್ಲಿ ಅರಸರ ಕೋಟೆ, ಆ ತುದಿಯಲ್ಲಿ ಅವರ ದೇವರು. ಎರಡನ್ನೂ ಕೂಡಿಸಿದ್ದು ಈ ಕಾಲುದಾರಿ. ಗುಡ್ಡವಿಳಿದು ಬಂದವನನ್ನು ಎಲುಬುಗೂಡಿನಂಥ ಎರಡು ವಿಗ್ರಹಗಳುಳ್ಳ ಹಳೆಯ ಬಾಗಿಲು ಎದುರುಗೊಳ್ಳುತ್ತದೆ.

ಕಂಬವನ್ನು ವಿಜಯಪುರಕ್ಕೆ ಸಾಗಿಸಿದರು. ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿ ಅದು ಸುರಕ್ಷಿತವಾಗಿದೆ. ದಾರಿಯನ್ನು ಹಾಗೆ ಎತ್ತಿಡಲು ಬರುವುದಿಲ್ಲ. ಜನ ನಡೆಯುವುದನ್ನು ಬಿಟ್ಟರೆ ನಾಲ್ಕು ಮಳೆಗಾಲದಲ್ಲಿ ಮುಳ್ಳುಕಂಟಿ ಅದನ್ನು ನುಂಗುತ್ತದೆ. ಆ ಹುಡುಗನಿಗೆ ಶಾಸನದ ಲಿಪಿ ಓದಲು ಬಾರದು. ಆದರೂ ಚಾಲುಕ್ಯರ ದಾರಿಯನ್ನು ಉಳಿಸುತ್ತಿರುವವರಲ್ಲಿ ಅವನೂ ಒಬ್ಬನೆಂದು ನನಗೆ ಅಂದು ತೋರಿತು.