ಹಿಮ ಬೀಳೋ ಮೊದಲೇ ದುಡ್ಡು: ಸ್ಕೀ ಪಾಸ್ ಹುಟ್ಟಿದ ಕಥೆ

ನಮ್ಮಲ್ಲಿ ಹಲವರ ತಮ್ಮ-ತಂಗಿಯರು ಎಂಎಸ್ ಮಾಡೋಕೆ ಅಂತ ಕೊಲೊರಾಡೊ, ಯೂಟಾ ಕಡೆ ಹೋಗಿದ್ದಾರೆ. ಸೆಮಿಸ್ಟರ್ ಶುರುವಾದ ಸ್ವಲ್ಪ ದಿನಕ್ಕೇ ಅಲ್ಲಿನ ರೂಮ್‌ಮೇಟ್‌ಗಳು ಕೇಳ್ತಾರೆ: "ಈ ವರ್ಷ ಯಾವ ಪಾಸ್ ತಗೊಳ್ತೀಯ?" ಬೆಟ್ಟದ ಮೇಲೆ ಹಿಮ ಬಿದ್ದಿಲ್ಲ, ಸ್ಕೀ ಕಟ್ಟಿಕೊಂಡು ನಿಲ್ಲೋಕೂ ಬರಲ್ಲ, ಆದ್ರೂ ನೂರಾರು ಡಾಲರ್ ಈಗ್ಲೇ ಕಟ್ಟಬೇಕು. ಈ ಪದ್ಧತಿ ಎಲ್ಲಿಂದ ಬಂತು ಅಂತ ಇವತ್ತು ನೋಡೋಣ.

ಸ್ಕೀ ಬೆಟ್ಟದಲ್ಲಿ ನಾವು ದುಡ್ಡು ಕೊಡೋದು ಮುಖ್ಯವಾಗಿ ಮೇಲಕ್ಕೆ ಹೋಗೋ ಲಿಫ್ಟ್‌ಗೆ. 1936ರಲ್ಲಿ ಐಡಹೋ ರಾಜ್ಯದ ಸನ್ ವ್ಯಾಲಿಯಲ್ಲಿ ಮೊದಲ ಚೇರ್‌ಲಿಫ್ಟ್ ಬಂತು. ಯೂನಿಯನ್ ಪೆಸಿಫಿಕ್ ರೈಲ್ವೆಯ ಇಂಜಿನಿಯರ್ ಜೇಮ್ಸ್ ಕರನ್, ಹಡಗಿಗೆ ಬಾಳೆಗೊನೆ ಏರಿಸೋ ಯಂತ್ರ ನೋಡಿದ್ದವರು. ಕೊಕ್ಕೆ ಇದ್ದ ಜಾಗಕ್ಕೆ ಕುರ್ಚಿ ಹಾಕಿದ್ರು. ಆಮೇಲೆ ದಶಕಗಳ ಕಾಲ ದಿನದ ಟಿಕೆಟ್‌ದೇ ಕಾರುಬಾರು. ಸೀಸನ್ ಪಾಸ್ ಇತ್ತು, ಆದ್ರೆ ದುಬಾರಿ. ವಾರವಾರ ಹೋಗೋರು ಮಾತ್ರ ಕೊಳ್ತಿದ್ರು. ಚಳಿಗಾಲ ಕೈಕೊಟ್ರೆ ಜನ ಬರ್ತಿರಲಿಲ್ಲ, ನಷ್ಟ ಬೆಟ್ಟದವರದು. ಈ ಮಾತು ನೆನಪಿರಲಿ, ಮುಂದಿನ ಕಥೆ ಎಲ್ಲಾ ಇದರ ಸುತ್ತಲೇ ಇದೆ.

ತಿರುವು ಬಂದಿದ್ದು 1998ರಲ್ಲಿ, ಅದೂ ದೊಡ್ಡ ಹೆಸರಿನ ಜಾಗದಲ್ಲಲ್ಲ. ಐಡಹೋದ ಬಾಯ್ಸಿ ಊರಿನ ಪಕ್ಕದಲ್ಲಿ ಬೋಗಸ್ ಬೇಸಿನ್ ಅಂತ ಒಂದು ಬೆಟ್ಟ ಇದೆ (ಹೆಸರು ನೋಡಿ ನಗಬೇಡಿ). ಲಾಭಕ್ಕಾಗಿ ಅಲ್ಲದ ಸಂಸ್ಥೆಯೊಂದು ಅದನ್ನ ನಡೆಸುತ್ತೆ. ಅವರು ಸುಮಾರು 500 ಡಾಲರ್ ಇದ್ದ ಪಾಸನ್ನ ಒಂದೇ ಏಟಿಗೆ 199ಕ್ಕೆ ಇಳಿಸಿದ್ರು. ಜನ ಮುಗಿಬಿದ್ರು, ಮಾರಾಟ ಹಲವು ಪಟ್ಟು ಏರಿತು. ಅದೇ ವರ್ಷ ಕೊಲೊರಾಡೊದ ವಿಂಟರ್ ಪಾರ್ಕ್ "ಬಡ್ಡಿ ಪಾಸ್" ತಂತು: ನಾಲ್ಕು ಜನ ಒಟ್ಟಿಗೆ ಕೊಂಡ್ರೆ 800 ಡಾಲರ್, ತಲೆಗೆ 200. ನಾಲ್ಕು ಜನ ರೂಮ್‌ಮೇಟ್ ಇರೋ ವಿದ್ಯಾರ್ಥಿಗಳಿಗೆ ಹೇಳಿ ಮಾಡಿಸಿದ ಹಾಗಿತ್ತು. ಅಕ್ಕಪಕ್ಕದ ಬೆಟ್ಟದವರೂ ದರ ಇಳಿಸಲೇಬೇಕಾಯ್ತು.

2008ರಲ್ಲಿ ವೇಲ್ ರೆಸಾರ್ಟ್ಸ್ ಈ ಲೆಕ್ಕಾಚಾರವನ್ನ ದೊಡ್ಡ ಮಟ್ಟಕ್ಕೆ ಒಯ್ತು. ರಾಬ್ ಕ್ಯಾಟ್ಜ್ ಆಗ ಅದರ ಮುಖ್ಯಸ್ಥರು. "ಎಪಿಕ್ ಪಾಸ್" ಬೆಲೆ 579 ಡಾಲರ್. ವೇಲ್, ಬ್ರೆಕನ್‌ರಿಜ್, ಕೀಸ್ಟೋನ್ ಮುಂತಾದ ಕಡೆ ಸೀಸನ್ ಪೂರ್ತಿ ಓಡಾಡಬಹುದು. ಷರತ್ತು ಒಂದೇ, ಸೀಸನ್ ಶುರುವಾಗೋ ಹೊತ್ತಿಗೆ ಕೊಂಡಿರಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಕ್ಲೌಡ್ ಸರ್ವರನ್ನ ವರ್ಷದ ಮುಂಚೆಯೇ ಬುಕ್ ಮಾಡಿ ಕಡಿಮೆ ರೇಟ್ ಪಡೆದ ಹಾಗೆ. ಬಳಸಿದ್ರೂ ಬಿಟ್ರೂ ದುಡ್ಡು ಹೋಯ್ತು. ಹಿಮ ಬೀಳದಿದ್ರೆ ಆಗೋ ನಷ್ಟ ಬೆಟ್ಟದವರ ಹೆಗಲಿಂದ ಇಳಿದು ಪಾಸ್ ಕೊಂಡವರ ಹೆಗಲಿಗೆ ಬಂತು. 2018ರಲ್ಲಿ ಆಲ್ಟೆರಾ ಕಂಪನಿ 899 ಡಾಲರ್‌ನ "ಐಕಾನ್ ಪಾಸ್" ತಂದ ಮೇಲೆ ಬಹುತೇಕ ದೊಡ್ಡ ಬೆಟ್ಟಗಳು ಎರಡು ಬಣ ಆದವು.

ಇದರ ಇನ್ನೊಂದು ಮುಖ ಅಂದ್ರೆ ದಿನದ ಟಿಕೆಟ್. ಜನ ಮುಂಚೆಯೇ ಪಾಸ್ ಕೊಳ್ಳಬೇಕು ಅಂದ್ರೆ ಕೌಂಟರ್‌ನಲ್ಲಿ ಟಿಕೆಟ್ ದುಬಾರಿ ಇರಬೇಕು. ವೇಲ್ ಕಂಪನಿಯ ದೊಡ್ಡ ಬೆಟ್ಟಗಳಲ್ಲಿ ರಶ್ ಇರೋ ದಿನದ ಟಿಕೆಟ್ ಈಗ 300 ಡಾಲರ್ ದಾಟಿದೆ. ಮುಂಬೈ ಲೋಕಲ್‌ನಲ್ಲೂ ತಿಂಗಳ ಪಾಸ್ ಅಗ್ಗ, ಆದ್ರೆ ಪಾಸ್ ಇಲ್ಲದವನೂ ಕೆಲವೇ ರೂಪಾಯಿಗೆ ಹೋಗಿ ಬರಬಹುದು. ಇಲ್ಲಿ ಹಾಗಿಲ್ಲ. ವರ್ಷಕ್ಕೆ ಮೂವತ್ತು ದಿನ ಜಾರೋ ಶ್ರೀಮಂತನಿಗೆ ದಿನಕ್ಕೆ ಮೂವತ್ತು-ನಲವತ್ತು ಡಾಲರ್ ಬೀಳುತ್ತೆ. ಒಂದೇ ಒಂದು ಸಲ ನೋಡೋಣ ಅಂತ ಬಂದ ವಿದ್ಯಾರ್ಥಿಗೆ ಮುನ್ನೂರು. ಅಗ್ಗದ ಪಾಸ್ ಅಂತ ಶುರುವಾದ ಚಳವಳಿ ಹೊಸಬರಿಗೇ ಬಾಗಿಲು ಹಾಕ್ತಿದೆ ಅನ್ನೋದು ನನ್ನ ಅನಿಸಿಕೆ.

ಹಾಗಾದ್ರೆ ಓದೋ ಹುಡುಗರು ಏನು ಮಾಡಬೇಕು? ಮೊದಲು ಬೆಟ್ಟಗಳ ಪಟ್ಟಿ ಬಿಟ್ಟು ತಮ್ಮ ಕ್ಯಾಲೆಂಡರ್ ನೋಡಲಿ. ಕಡಿಮೆ ಬೆಲೆಯ ಪಾಸ್‌ಗಳಲ್ಲಿ ಕ್ರಿಸ್‌ಮಸ್ ವಾರ, ಜನವರಿ-ಫೆಬ್ರವರಿಯ ಉದ್ದ ವಾರಾಂತ್ಯಗಳು ಸಾಮಾನ್ಯವಾಗಿ ಬಂದ್. ಕಾಲೇಜಿಗೆ ರಜೆ ಇರೋದೂ ಅವತ್ತೇ! ಎರಡನೇದು, ಕಾರ್ ಯಾರ ಹತ್ರ ಇದೆ? ಪಾಸ್‌ನಲ್ಲಿ ನಲವತ್ತು ಬೆಟ್ಟ ಇದ್ರೂ ಹೋಗೋದು ಹತ್ತಿರದ ಒಂದೆರಡಕ್ಕೆ. ಸ್ಕೀ, ಬೂಟಿನ ಬಾಡಿಗೆ ಬೇರೆ. ನಾಲ್ಕು ದಿನ ಖಂಡಿತ ಹೋಗ್ತೀವಿ ಅಂದ್ರೆ ವಿದ್ಯಾರ್ಥಿ ರಿಯಾಯಿತಿ ವಿಚಾರಿಸಿ ದೊಡ್ಡ ಪಾಸ್ ತಗೊಳ್ಳಬಹುದು. ಇಲ್ಲದಿದ್ರೆ 2019ರಲ್ಲಿ 199 ಡಾಲರ್‌ಗೆ ಶುರುವಾದ "ಇಂಡಿ ಪಾಸ್" ನೋಡಲಿ. ಸಣ್ಣ ಸ್ವತಂತ್ರ ಬೆಟ್ಟಗಳಲ್ಲಿ ತಲಾ ಎರಡು ದಿನ ಸಿಗುತ್ತೆ. ಬೆಲೆ ಈಗ ಏರಿದೆ, ಆದ್ರೂ ದೊಡ್ಡವುಗಳಿಗಿಂತ ಕಮ್ಮಿ.

ಕೊನೆಗೊಂದು ಮಾತು. 2020ರ ಮಾರ್ಚ್ ಮಧ್ಯದಲ್ಲಿ ಕೋವಿಡ್‌ನಿಂದ ಬೆಟ್ಟಗಳು ಒಂದೇ ವಾರಾಂತ್ಯದಲ್ಲಿ ಮುಚ್ಚಿದವು. ಪಾಸ್ ಕೊಂಡವರು ದುಡ್ಡು ಕೇಳಿದಾಗ ಸಿಕ್ಕಿದ್ದು ಬಹುಪಾಲು ಮುಂದಿನ ವರ್ಷದ ಪಾಸ್ ಮೇಲೆ ಒಂದಿಷ್ಟು ಕಡಿತ. ಆಮೇಲಷ್ಟೇ ಕಂಪನಿಗಳು ಪಾಸ್ ಜೊತೆ ವಿಮೆಯಂಥ ಭರವಸೆ ಸೇರಿಸಿದ್ದು. ಹಾಗಾಗಿ ಊರಿಂದ ಕಳಿಸಿದ ದುಡ್ಡಲ್ಲಿ ಪಾಸ್ ಕೊಳ್ಳೋ ನಿಮ್ಮ ತಮ್ಮನಿಗೋ ತಂಗಿಗೋ ಹೇಳಿ: ಬೆಟ್ಟದ ಫೋಟೋಕ್ಕಿಂತ ಮೊದಲು ರೀಫಂಡ್ ನಿಯಮ ಓದು.

ಮುಂದಿನ ಮಾತುಕತೆಯಲ್ಲಿ ಸಿಗೋಣ.